ಪೋಸ್ಟರ್ ಪಾಸಾಯ್ತು, ತಾಂಡಾದಲ್ಲಿ ನಡೀಲಿಲ್ಲ

ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆಮೇಲೆ ಪೋಸ್ಟರು, ಕರಪತ್ರ, ವಾಟ್ಸಾಪ್ ವಿಡಿಯೊಗಳಿಗೆ ಬರವೇ ಇರಲಿಲ್ಲ. ಅವು ಹಳ್ಳಿಗೆ ಹೋಗೋ ಮುಂಚೆ ನೋಡಿ, ಇದನ್ನು ಹಂಚಬಹುದು, ಇದು ಬೇಡ ಅಂತ ಹೇಳುವುದು ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ನನ್ನ ಕೆಲಸವಾಗಿತ್ತು.

ಅದಕ್ಕೆ ಪೆಮ್ಯಾಟ್ ಅನ್ನೋ ಅಮೆರಿಕದ ಪ್ರಶ್ನೆಪಟ್ಟಿ ಬಳಸುತ್ತಿದ್ದೆವು. ಅಚ್ಚಾದ ಸಾಮಗ್ರಿಗೆ ಒಟ್ಟು 24 ಪ್ರಶ್ನೆ. ಓದಿದರೆ ಅರ್ಥ ಆಗುತ್ತಾ ಅಂತ ನೋಡೋಕೆ 17, ಓದಿದವರಿಗೆ ಏನು ಮಾಡಬೇಕು ಅಂತ ತಿಳಿಯುತ್ತಾ ಅನ್ನೋಕೆ 7. ಒಳ್ಳೆಯ ಪಟ್ಟಿಯೇ. ಉದ್ದುದ್ದ ವಾಕ್ಯ, ಅರ್ಧ ಜಾಗ ತಿನ್ನುವ ಗಣ್ಯರ ಫೋಟೊ ಎಲ್ಲ ಅಲ್ಲೇ ಸಿಕ್ಕಿಬೀಳುತ್ತಿದ್ದವು. ಫೋಟೊ ತೆಗೆಸೋದು ಮಾತ್ರ ಯಾವ ಪಟ್ಟಿಯಿಂದಲೂ ಆಗಲಿಲ್ಲ, ಬಿಡಿ.

ಆದರೆ ಪಟ್ಟಿಯಲ್ಲಿ ಪಾಸಾದದ್ದೆಲ್ಲ ಊರಲ್ಲಿ ನಡೀತಿರಲಿಲ್ಲ. 'ಸೋಂಕಿತರು ಪ್ರತ್ಯೇಕ ಕೋಣೆಯಲ್ಲಿರಿ, ಪ್ರತ್ಯೇಕ ಶೌಚಾಲಯ ಬಳಸಿ' ಅಂತ ಒಂದು ಪೋಸ್ಟರ್ ಇತ್ತು. ಚಿಕ್ಕ ವಾಕ್ಯ, ದೊಡ್ಡ ಅಕ್ಷರ, ಏನು ಮಾಡಬೇಕು ಅಂತ ನೇರವಾಗಿದೆ. ಒಳ್ಳೆ ಅಂಕವೇ ಬಂತು. ತಾಂಡಾದ ಒಬ್ಬ ಹೆಂಗಸು ಅದನ್ನು ಕೇಳಿಸಿಕೊಂಡು, 'ಇರೋದೇ ಒಂದ್ ಖೋಲಿ ರೀ, ಮಕ್ಳನ್ನ ಎಲ್ಲಿ ಮಲಗಿಸ್ಲಿ?' ಅಂದರು. ಅವರಿಗೆ ಅರ್ಥ ಆಗಿತ್ತು, ಪೂರ್ತಿ ಅರ್ಥ ಆಗಿತ್ತು. ಮಾಡೋಕೆ ಆಗುತ್ತಿರಲಿಲ್ಲ ಅಷ್ಟೆ. ಆಮೇಲೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆವು: ಬೇರೆ ಕೋಣೆ ಇಲ್ಲದಿದ್ದರೆ ಎಲ್ಲರೂ ಮಾಸ್ಕ್ ಹಾಕಿ, ಬಾಗಿಲು ಕಿಟಕಿ ತೆರೆದಿಡಿ, ಕೋವಿಡ್ ಕೇರ್ ಸೆಂಟರ್‌ಗೆ ಹೋಗಲು ಆಶಾ ಕಾರ್ಯಕರ್ತೆಗೆ ಹೇಳಿ.

ಚಿತ್ರ ಹಾಕಿದರೆ ಸಾಕು ಅನ್ನೋರು ಜಾಸ್ತಿ. ಪಕ್ಕದ ಯಾದಗಿರಿಯಲ್ಲಿ 2011ರ ಜನಗಣತಿ ಪ್ರಕಾರ ಸಾಕ್ಷರತೆ ಶೇ 52ರ ಆಸುಪಾಸು, ಹಾಗಾಗಿ ಚಿತ್ರ ಬೇಕೇ ಬೇಕು. ಆದರೆ ಚಿತ್ರವನ್ನೂ ಓದಬೇಕಲ್ವಾ? ಕೈ ತೊಳೆಯುವ ಚಿತ್ರಗಳು ಎಡದಿಂದ ಬಲಕ್ಕೆ ಸಾಲಾಗಿದ್ದವು, ಕೆಳಗೆ ಕನ್ನಡ ಮತ್ತು ಉರ್ದು. ಉರ್ದು ಓದುವ ಒಬ್ಬ ಹಿರಿಯರು ಬಲಗಡೆಯಿಂದ ಶುರು ಮಾಡಿದರು. ಮೊದಲು ಕೈ ಒರೆಸಿಕೊಂಡು, ಕೊನೆಗೆ ನಲ್ಲಿ ತಿರುಗಿಸಿದ ಹಾಗಾಯ್ತು! ಪ್ರತಿ ಚಿತ್ರಕ್ಕೂ ದಪ್ಪ ಅಂಕಿ ಹಾಕಿ, ಒಂದರ ಕೆಳಗೊಂದು ಇಟ್ಟ ಮೇಲೆ ಗೊಂದಲ ಹೋಯಿತು. ಮುಳ್ಳುಮುಳ್ಳಾದ ವೈರಸ್ ಚಿತ್ರವನ್ನು ಕೆಲವರು ಮದ್ದುಗುಣಿಕೆ ಕಾಯಿ ಅಂದುಕೊಂಡಿದ್ದರು. ಅದನ್ನು ತೆಗೆದೇಬಿಟ್ಟೆವು.

ಇದೆಲ್ಲ ಗೊತ್ತಾಗಿದ್ದು ಕೇಳೋ ರೀತಿ ಬದಲಿಸಿದಾಗ. 'ಅರ್ಥ ಆಯ್ತಾ?' ಅಂದರೆ ಎಲ್ಲರೂ 'ಆಯ್ತ್ರಿ' ಅಂತಾರೆ, ಸುಮ್ನೆ ಮರ್ಯಾದೆಗೆ. ಹಾಗಾಗಿ ಪೋಸ್ಟರ್ ತೋರಿಸಿ, ಮಡಚಿಟ್ಟು, 'ಈಗ ಮನೆಗೆ ಹೋಗಿ ಅತ್ತೆಗೆ ಏನು ಹೇಳ್ತೀರಿ?' ಅಂತ ಕೇಳುತ್ತಿದ್ದೆ. ಅವರ ಉತ್ತರದಲ್ಲಿ ಪೋಸ್ಟರಿನ ಯಾವ ಸಾಲು ಉಳಿದಿದೆ, ಯಾವುದು ತಿರುವುಮುರುವಾಗಿದೆ ಅನ್ನೋದು ಅಲ್ಲೇ ಕಾಣುತ್ತಿತ್ತು.

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಪ್ರಶ್ನೆಯನ್ನು ನಾವೇ ಸೇರಿಸಿಕೊಂಡೆವು: ಇದು ಯಾವ ತಾರೀಖಿನದು? ಕೋವಿಶೀಲ್ಡ್ ಎರಡು ಡೋಸ್ ನಡುವೆ ಮೊದಲು 4ರಿಂದ 6 ವಾರ ಅಂದರು. 2021ರ ಮಾರ್ಚ್‌ನಲ್ಲಿ 8 ವಾರದವರೆಗೆ ಹೋಗಬಹುದು ಅಂದರು. ಮೇ ತಿಂಗಳಲ್ಲಿ ಅದು 12ರಿಂದ 16 ವಾರ ಆಯಿತು. ಮೂರೂ ಬಗೆಯ ಪೋಸ್ಟರ್ ಒಂದೇ ಗೋಡೆ ಮೇಲಿದ್ದರೆ ಜನ ಯಾವುದನ್ನು ನಂಬಬೇಕು? ಅವತ್ತಿನ ಮಟ್ಟಿಗೆ ಮೂರೂ ಸರಿಯೇ. ಆದರೆ ಜನಕ್ಕೆ ಕಂಡದ್ದು, 'ಇವರಿಗೇ ಗೊತ್ತಿಲ್ಲ' ಅಂತ.

ಹಳೆಯದನ್ನು ಕಿತ್ತು ಬರುವ ಕೆಲಸ ಯಾರ ಬಜೆಟ್‌ನಲ್ಲೂ ಇರಲ್ಲ. ಅದಕ್ಕೇ ಪೋಸ್ಟರಿನ ಮೇಲ್ಗಡೆ ತಿಂಗಳು, ವರ್ಷ ದೊಡ್ಡದಾಗಿ ಅಚ್ಚು ಹಾಕಿಸಿದೆವು. ಪ್ರತಿ ಕಟ್ಟಿನ ಜೊತೆ ಆಶಾ ಕಾರ್ಯಕರ್ತೆಯರಿಗೆ ಒಂದು ಚೀಟಿ ಇಟ್ಟೆವು: ಹೊಸ ಜಾಗ ಹುಡುಕಬೇಡಿ, ಹಳೇ ಪೋಸ್ಟರ್ ಮೇಲೇ ಅಂಟಿಸಿ.