ಹೆಸರಿಗೊಂದು ಜಾಗ ಹುಡುಕಿದ ಭಾನುವಾರ

ಮೂರು ಬೆಳಗು ಕಾದು ಕುಳಿತು ನಾನು ತೆಗೆದಿದ್ದ ಮಿಂಚುಳ್ಳಿಯ ಚಿತ್ರವೊಂದು, ನಾಲ್ಕಾರು ಕೈ ದಾಟಿ, ಶುಭೋದಯದ ಸಂದೇಶವಾಗಿ ನನ್ನ ಫೋನಿಗೇ ಮರಳಿ ಬಂದಾಗ ಮನಸ್ಸಿಗೆ ನೋವಾಯಿತು. ತೆಗೆದವರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮುಂದಿನ ಭಾನುವಾರ ಇಪ್ಪತ್ತನಾಲ್ಕು ಚಿತ್ರಗಳನ್ನು ಆರಿಸಿಕೊಂಡು, ಅಂತರಜಾಲದಲ್ಲಿಯೇ ಚೌಕಟ್ಟು ಮತ್ತು ವಾಟರ್‌ಮಾರ್ಕ್ (ಚಿತ್ರ ಯಾರದೆಂದು ತಿಳಿಸಲು ಅದರ ಮೇಲೆ ಹಾಕುವ ಹೆಸರಿನ ಗುರುತು) ಹಾಕಿಕೊಡುವ ತಾಣವೊಂದನ್ನು ತೆರೆದು ಕುಳಿತೆ.

ಮೊದಲು ಮೆಚ್ಚಿಕೊಂಡ ಹೂಬಳ್ಳಿಯ ಚೌಕಟ್ಟು ಚಿತ್ರದ ಮೇಲೆಯೇ ಕುಳಿತುಕೊಳ್ಳುವಂಥದ್ದಾಗಿದ್ದು, ಹಕ್ಕಿಯ ಕೊಕ್ಕಿನ ತುದಿಯನ್ನೇ ಮುಚ್ಚಿತು. ಆದ್ದರಿಂದ ಚಿತ್ರದ ಹೊರಗೆ ಸೇರುವ ಸರಳ ಬಿಳಿ ಅಂಚನ್ನು ಆರಿಸಿದೆ. 6000×4000 ಪಿಕ್ಸೆಲ್‌ಗಳ ಚಿತ್ರಕ್ಕೆ ಸುತ್ತಲೂ 300 ಪಿಕ್ಸೆಲ್ ಅಂಚು ಕೊಟ್ಟರೆ ಅದು 6600×4600 ಆಗಿ, ಅಗಲ-ಎತ್ತರದ ಮೂಲ 3:2 ಅನುಪಾತ ಕೆಡುತ್ತದೆ. ಅನುಪಾತ ಉಳಿಯಬೇಕಾದರೆ ಮೇಲೆ ಕೆಳಗೆ 200 ಮಾತ್ರ ಕೊಡಬೇಕು. ಹಾಗೆ ಮಾಡಿದಾಗ ಅಂಚು ಕಣ್ಣಿಗೆ ಒಪ್ಪಲಿಲ್ಲ. ಮುದ್ರಣಕ್ಕೆ ಹೋಗದ ಚಿತ್ರಗಳಿಗೆ ಸಮನಾದ ಅಂಚೇ ಚೆಂದವೆಂದು ನಿರ್ಧರಿಸಿದೆ.

ಹೆಸರಿನ ಕೆಲಸ ಇಷ್ಟು ಸುಲಭವಾಗಿರಲಿಲ್ಲ. ಕನ್ನಡದಲ್ಲಿ ಹೆಸರು ಬರೆದೊಡನೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತವು. ಇನ್ನೊಂದು ಫಾಂಟಿನಲ್ಲಿ ಅಕ್ಷರಗಳ ಬದಲು ಖಾಲಿ ಚೌಕಗಳು ಮೂಡಿದವು. ಇಂಗ್ಲಿಷಿನಲ್ಲಿ ಬರೆದು ಮುಗಿಸಬಹುದಿತ್ತು, ಆದರೆ ನಾನು ಸಹಿ ಮಾಡುವುದು ಕನ್ನಡದಲ್ಲಿ, ಚಿತ್ರದ ಮೇಲೆಯೂ ಅದೇ ಇರಬೇಕೆಂಬುದು ನನ್ನ ಆಸೆ. ಕೊನೆಗೆ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಸಹಿ ಹಾಕಿ, ಅದರ ಚಿತ್ರ ತೆಗೆದು, ಹಿನ್ನೆಲೆಯನ್ನು ಅಳಿಸಿ, ಪಾರದರ್ಶಕ ಪಿಎನ್‌ಜಿ ಕಡತವಾಗಿ ಉಳಿಸಿಕೊಂಡೆ. ಅದನ್ನೇ ಲೋಗೋ ಎಂದು ಸೇರಿಸಿದಾಗ ಒಂದು ಒತ್ತೂ ಕದಲಲಿಲ್ಲ. ಕಡು ಬಣ್ಣದ ಜಾಗಗಳಿಗೆಂದು ಅದರ ಬಿಳಿ ರೂಪವೊಂದನ್ನೂ ಮಾಡಿಕೊಂಡೆ.

ಇನ್ನು ಅದನ್ನು ಎಲ್ಲಿ ಇಡುವುದು? ಮೂಲೆಯಲ್ಲಿಟ್ಟರೆ ಕತ್ತರಿಸಿಬಿಡುತ್ತಾರೆ, ನಡುವೆ ಇಟ್ಟರೆ ಹಕ್ಕಿಯೇ ಕಾಣುವುದಿಲ್ಲ. ನೂರಾರು ಚಿತ್ರಗಳಲ್ಲಿ ಒಂದೇ ಗುರುತು ಒಂದೇ ಬಗೆಯಲ್ಲಿದ್ದರೆ, ಅವನ್ನೆಲ್ಲ ಹೋಲಿಸಿ ಕಂಪ್ಯೂಟರೇ ಗುರುತನ್ನು ಅಳಿಸಬಲ್ಲದೆಂದು ಗೂಗಲ್‌ನ ಸಂಶೋಧಕರು 2017ರಲ್ಲಿ ತೋರಿಸಿದ್ದನ್ನು ಓದಿದ್ದೆ. ಜಾಗ ಬದಲಿಸಿದ ಮಾತ್ರಕ್ಕೆ ಅದು ತಪ್ಪುವುದಿಲ್ಲ; ಆದರೂ ಕತ್ತರಿಸುವುದಾದರೂ ಕಷ್ಟವಾಗಲೆಂದು ಪ್ರತಿ ಚಿತ್ರದಲ್ಲಿಯೂ ಬೇರೆ ಬೇರೆ ಜಾಗ ಹುಡುಕಿದೆ. ಮಿಂಚುಳ್ಳಿ ಕುಳಿತ ಕೊಂಬೆಯ ನೆರಳಿನಲ್ಲಿ, ಹಕ್ಕಿಯ ಕಾಲಿಗೆ ತೀರ ಹತ್ತಿರ, ಬಿಳಿ ಸಹಿಯನ್ನು ಮಸುಕಾಗಿ ಇಟ್ಟೆ. ಅದನ್ನು ಕತ್ತರಿಸಲು ಹೊರಟರೆ ಕೊಂಬೆಯೂ ಹೋಗುತ್ತದೆ.

ಡೌನ್‌ಲೋಡ್ ಮಾಡಿ ನೋಡಿದಾಗ ಬೇಸರವಾಯಿತು. ಚಿತ್ರದ ಅಗಲ 1600 ಪಿಕ್ಸೆಲ್‌ಗೆ ಇಳಿದಿತ್ತು. ತೆಗೆದ ದಿನಾಂಕ, ಲೆನ್ಸಿನ ವಿವರಗಳಿರುವ ಎಕ್ಸಿಫ್ ಮಾಹಿತಿ ಪೂರ್ತಿ ಅಳಿದುಹೋಗಿತ್ತು. ಚೌಕಟ್ಟಿಗೊಮ್ಮೆ, ಹೆಸರಿಗೊಮ್ಮೆ ಎಂದು ಎರಡು ಸಲ, ಉಳಿಸಿದಾಗಲೆಲ್ಲ ತುಸು ವಿವರ ಕಳೆದುಕೊಳ್ಳುವ ಜೆಪಿಇಜಿ ಕಡತವಾಗಿ ಉಳಿಸಿದ್ದರಿಂದ ಗರಿಗಳ ಸಣ್ಣ ಗೆರೆಗಳೂ ಕದಡಿದ್ದವು. ಮೂಲ ಕಡತಗಳನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದು ಪುಣ್ಯ.

ಮಧ್ಯಾಹ್ನ ಬೇರೆ ತಾಣ ಹುಡುಕಿದೆ. ಪುಟ ತೆರೆದ ಮೇಲೆ ಇಂಟರ್‌ನೆಟ್ ಸಂಪರ್ಕ ಕಡಿದು ನೋಡಿದರೂ ಅದು ಕೆಲಸ ಮಾಡಿತು; ಎಂದರೆ ಎಲ್ಲವೂ ಬ್ರೌಸರ್‌ನಲ್ಲಿಯೇ ನಡೆಯುತ್ತಿತ್ತು, ಸರ್ವರ್‌ಗೆ ಕಳುಹಿಸಬೇಕಾಗಿರಲಿಲ್ಲ. ಅದರಲ್ಲಿ ಚೌಕಟ್ಟನ್ನೂ ಹೆಸರನ್ನೂ ಒಟ್ಟಿಗೆ ಹಾಕಿ, ಪೂರ್ಣ ಅಳತೆಯಲ್ಲಿ ಒಮ್ಮೆ ಮಾತ್ರ ಉಳಿಸಿದೆ.

ಸಂಜೆಗೆ ಉಳಿದದ್ದು ಒಂದೇ ಚಿತ್ರ: ಮಂಜಿನಲ್ಲಿ ಹಾರಿಹೋಗುತ್ತಿರುವ ಒಂಟಿ ಕೊಕ್ಕರೆ. ಕಪ್ಪು, ಬಿಳಿ ಎರಡನ್ನೂ ಇಟ್ಟು ನೋಡಿದೆ. ಯಾವ ಗುರುತು ಇಟ್ಟರೂ ಆ ಮಂಜಿನ ಮೌನ ಕಲಕುತ್ತಿತ್ತು. ಕತ್ತರಿಸುವವರಿಗೆ ಸುಲಭವಾಗುತ್ತದೆಂದು ತಿಳಿದೂ, ಅದರ ಕೆಳಗಿನ ಅಂಚನ್ನು ಮಾತ್ರ ತುಸು ಅಗಲ ಮಾಡಿ, ಹೆಸರನ್ನು ಚಿತ್ರದ ಹೊರಗೆ, ಆ ಬಿಳಿ ಪಟ್ಟಿಯಲ್ಲಿ ಇಟ್ಟೆ.