ಕಂಪನಿಯ ಎಫ್‌ಡಿ ಮುರಿಸುವ ದಿನ

ಎಫ್‌ಡಿ ಮುರಿಸುವ ದಿನದ ಕೆಲಸ ಶುರುವಾಗುವುದು ಬ್ಯಾಂಕಿನಲ್ಲಲ್ಲ, ಕಂಪನಿಯ ಫೈಲಿನಲ್ಲಿ. ಬೆಳಿಗ್ಗೆ ಮೊದಲು ಹುಡುಕಿ ತೆಗೆಯಬೇಕಾದ್ದು ಠೇವಣಿ ಇಟ್ಟಾಗ ಮಾಡಿದ್ದ ಬೋರ್ಡ್ ಠರಾವು. ಅದರಲ್ಲಿ ‘ಎಫ್‌ಡಿ ಇಡಲು ಮತ್ತು ನವೀಕರಿಸಲು’ ಎಂದಷ್ಟೇ ಇದ್ದರೆ ಆ ಕಾಗದ ಹಿಡಿದು ಹೋಗಿ ಪ್ರಯೋಜನವಿಲ್ಲ. ‘ಖಾತೆ ನಿರ್ವಹಿಸಲು’ ಎಂಬ ಮಾತನ್ನೂ ಹಲವು ಶಾಖೆಗಳು ಒಪ್ಪುವುದಿಲ್ಲ. ಅವಧಿಗೆ ಮುಂಚೆ ಮುಚ್ಚುವ ಅಧಿಕಾರ ಇಂಥವರಿಗೆ ಎಂದು ಬಿಡಿಸಿ ಬರೆದಿರಬೇಕು. ಕಿರಿಕಿರಿಯೇ, ಆದರೆ ತಪ್ಪಲ್ಲ. ನಾಳೆ ನಿರ್ದೇಶಕರು ತಮ್ಮತಮ್ಮಲ್ಲೇ ಜಗಳಕ್ಕೆ ನಿಂತರೆ ಉತ್ತರ ಹೇಳಬೇಕಾದವರು ಹಣ ಬಿಟ್ಟುಕೊಟ್ಟ ಅಧಿಕಾರಿ.

ಹೊಸ ಠರಾವು ಬರೆಯುವ ಮೊದಲು ಎಫ್‌ಡಿಯ ಇಂದಿನ ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ. ಹೆಚ್ಚು ಎಡವುವುದು ಇಲ್ಲೇ. ಠೇವಣಿ ತಾನಾಗಿ ನವೀಕರಣವಾಗಿದ್ದರೆ ಮೊತ್ತ, ತಾರೀಖು ಬದಲಾಗಿರುತ್ತವೆ, ಕೆಲವೆಡೆ ನಂಬರೂ. ಹಳೇ ರಸೀದಿ ನೋಡಿ ಬರೆದ ಠರಾವು ಕೌಂಟರಿನಿಂದಲೇ ವಾಪಸ್. ಅದೇ ಸ್ಟೇಟ್‌ಮೆಂಟಿನಲ್ಲಿ ಲಿಯನ್, ಅಂದರೆ ಠೇವಣಿಯ ಮೇಲೆ ಬ್ಯಾಂಕಿನ ಹಿಡಿತ, ಇದೆಯೇ ಎಂಬುದೂ ತಿಳಿಯುತ್ತದೆ. ಬ್ಯಾಂಕ್ ಗ್ಯಾರಂಟಿಗೋ ಓವರ್‌ಡ್ರಾಫ್ಟಿಗೋ ಅಡ ಇಟ್ಟ ಠೇವಣಿಯಾದರೆ ಅದು ಬಿಡುಗಡೆಯಾಗುವ ತನಕ ಯಾವ ಠರಾವೂ ನಡೆಯದು. ‘ನಾನ್-ಕಾಲಬಲ್’ ಎಂದು ಇಟ್ಟಿದ್ದರೆ ಅವಧಿಗೆ ಮುಂಚೆ ತೆಗೆಯುವ ಮಾತೇ ಇಲ್ಲ.

ಠರಾವಿನ ಒಕ್ಕಣೆ ಹೀಗಿದ್ದರೆ ಸಾಕು: ‘ಇಂಥ ಬ್ಯಾಂಕಿನ ಇಂಥ ಶಾಖೆಯಲ್ಲಿ ಕಂಪನಿಯ ಹೆಸರಿನಲ್ಲಿರುವ, ಇಂಥ ನಂಬರಿನ, ಇಷ್ಟು ಅಸಲಿನ ನಿಶ್ಚಿತ ಠೇವಣಿಯನ್ನು ಅವಧಿಗೆ ಮುಂಚೆ ಮುಚ್ಚಿ, ಬಡ್ಡಿ ಸಹಿತ ಬರುವ ಮೊತ್ತವನ್ನು ಕಂಪನಿಯ ಇಂಥ ಚಾಲ್ತಿ ಖಾತೆಗೆ ಜಮಾ ಮಾಡಿಸಲು ಇಂಥ ನಿರ್ದೇಶಕರಿಗೆ ಅಧಿಕಾರ ಕೊಡಲಾಗಿದೆ.’ ಸಹಿ ಒಬ್ಬರದು ಸಾಕೋ, ಇಬ್ಬರೂ ಹಾಕಬೇಕೋ ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಜಮಾ ಖಾತೆಯ ನಂಬರು ಬಿಟ್ಟುಹೋದರೆ ಹಣ ಎಲ್ಲಿಗೆ ಎಂಬ ಪ್ರಶ್ನೆ ಏಳುತ್ತದೆ. ನಿರ್ದೇಶಕರ ಸ್ವಂತ ಖಾತೆಗಂತೂ ಹಾಕುವುದಿಲ್ಲ.

ಸಭೆಗೆ 2013ರ ಕಂಪನಿ ಕಾಯ್ದೆಯಂತೆ 7 ದಿನದ ನೋಟಿಸ್ ಬೇಕು; ತುರ್ತಿದ್ದರೆ ಕಡಿಮೆ ಅವಧಿಯಲ್ಲೂ ಕರೆಯಬಹುದು. ಕೋರಂ, ಅಂದರೆ ಸಭೆ ನಡೆಸಲು ಹಾಜರಿರಬೇಕಾದ ಕನಿಷ್ಠ ಸಂಖ್ಯೆ, ಒಟ್ಟು ನಿರ್ದೇಶಕರ ಮೂರನೇ ಒಂದು ಭಾಗ ಅಥವಾ ಇಬ್ಬರು, ಯಾವುದು ಹೆಚ್ಚೋ ಅದು. ಇಬ್ಬರೇ ಇರುವ ಪ್ರೈವೇಟ್ ಕಂಪನಿಯಲ್ಲಿ ಇಬ್ಬರೂ ಹಾಜರಿರಬೇಕು. 175ನೇ ಸೆಕ್ಷನ್ ಪ್ರಕಾರ ಸಭೆ ಸೇರದೆ, ಕರಡನ್ನು ನಿರ್ದೇಶಕರಿಗೆಲ್ಲ ಕಳಿಸಿ ಸುತ್ತೋಲೆಯ ಮೂಲಕ ಒಪ್ಪಿಗೆ ಪಡೆದಿದ್ದರೆ ಬ್ಯಾಂಕಿಗೆ ಕೊಡುವ ಠರಾವಿನ ಪ್ರತಿಯಲ್ಲಿ ಹಾಗೆಂದೇ ಬರೆಯಿರಿ. ಬ್ಯಾಂಕಿನ ನಮೂನೆಯಲ್ಲಿ ‘ಸಭೆಯಲ್ಲಿ ಅಂಗೀಕರಿಸಿದ’ ಎಂದು ಅಚ್ಚಾಗಿದೆಯೆಂದು, ನಡೆಯದ ಸಭೆಗೆ ತಾರೀಖು ಹಾಕಬೇಡಿ.

ದೃಢೀಕೃತ ಪ್ರತಿ ಲೆಟರ್‌ಹೆಡ್ಡಿನ ಮೇಲಿರಲಿ, ಸಹಿಯ ಕೆಳಗೆ ಡಿನ್ (ನಿರ್ದೇಶಕರ ಗುರುತಿನ ಸಂಖ್ಯೆ) ಇರಲಿ. ಹಣ ತೆಗೆಯಲು ಅಧಿಕಾರ ಪಡೆದವರೇ ಆ ಪ್ರತಿಯನ್ನೂ ದೃಢೀಕರಿಸಿದರೆ ಆಕ್ಷೇಪ ಬರುತ್ತದೆ; ಇನ್ನೊಬ್ಬ ನಿರ್ದೇಶಕರೋ ಕಂಪನಿ ಸೆಕ್ರೆಟರಿಯೋ ಸಹಿ ಹಾಕಲಿ. ನಿರ್ದೇಶಕರು ಈಚೆಗೆ ಬದಲಾಗಿದ್ದರೆ ಆ ಬದಲಾವಣೆ ತಿಳಿಸುವ ಡಿಐಆರ್-12 ನಮೂನೆ ಸಲ್ಲಿಕೆಯಾಗಿದೆಯೇ ನೋಡಿ. ಬ್ಯಾಂಕಿನವರು ಎಂಸಿಎ (ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ) ಜಾಲತಾಣದಲ್ಲಿ ಹೆಸರು ಹುಡುಕುತ್ತಾರೆ.

ಕೌಂಟರಿನಲ್ಲಿ ಕೇಳುವುದು ಠರಾವಿನ ಪ್ರತಿ, ಕೋರಿಕೆ ಪತ್ರ, ಮೂಲ ರಸೀದಿ. ಕಾಗದದ ರಸೀದಿಯಾದರೆ ಹಿಂಬದಿಯಲ್ಲಿ ರೆವಿನ್ಯೂ ಸ್ಟಾಂಪ್ ಅಂಟಿಸಿ, ಕಂಪನಿ ಮೊಹರಿನೊಂದಿಗೆ ಸಹಿ. ಕೋರಿಕೆ ಪತ್ರದ ತಾರೀಖು ಠರಾವಿಗಿಂತ ಹಿಂದಿನದಾಗಿರಬಾರದು.

ನಷ್ಟದ ಲೆಕ್ಕ ಬೋರ್ಡಿನ ಮುಂದೆ ಮೊದಲೇ ಇಟ್ಟಿರಬೇಕು. 50 ಲಕ್ಷವನ್ನು 2 ವರ್ಷಕ್ಕೆ ಶೇ. 7ರಲ್ಲಿ ಇಟ್ಟು ವರ್ಷಕ್ಕೇ ಮುರಿಸಿದಿರಿ ಅನ್ನಿ. ಇಟ್ಟ ದಿನ 1 ವರ್ಷದ ದರ ಶೇ. 6.8 ಇತ್ತು, ದಂಡ ಶೇ. 1 ಎಂದಾದರೆ ಕೈಗೆ ಬರುವುದು ಶೇ. 5.8. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 63 ಸಾವಿರ ಕಮ್ಮಿ. ಬಡ್ಡಿಯನ್ನು ಆಗಾಗ ಪಡೆದಿದ್ದರೆ ಹೆಚ್ಚು ಕೊಟ್ಟದ್ದನ್ನು ಅಸಲಿನಲ್ಲೇ ಮುರಿದುಕೊಳ್ಳುತ್ತಾರೆ. ಇದಕ್ಕಿಂತ ಅಗ್ಗವಾಗಿ ಎಫ್‌ಡಿ ಮೇಲೆ ಓವರ್‌ಡ್ರಾಫ್ಟ್ ಸಿಗುವಂತಿದ್ದರೆ, ಒಂದೆರಡು ತಿಂಗಳ ಅಗತ್ಯಕ್ಕೆ ಠೇವಣಿ ಮುರಿಸುವುದು ವ್ಯರ್ಥ. ಅದಕ್ಕೂ ಬೇರೆ ಠರಾವು ಬೇಕು ಅನ್ನುವುದು ಬೇರೆ ಮಾತು.

ಹಣ ಜಮಾ ಆದಮೇಲೂ ಒಂದು ಬಾಕಿ ಉಳಿಯುತ್ತದೆ. ಸಭೆ ಮುಗಿದ 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಿಸಬೇಕು. ಆಡಿಟರ್ ಕೇಳುವುದು ಬ್ಯಾಂಕಿಗೆ ಕೊಟ್ಟ ಪ್ರತಿಯನ್ನಲ್ಲ, ಆ ಪುಸ್ತಕವನ್ನು.