ಪ್ರೈವಸಿ ಪಾಲಿಸಿ ಕಾಪಿ ಹೊಡೆದು ಹಾಕಿದ್ರೆ ಸಾಕಲ್ವಾ ಅಂತ ಕೇಳೋರಿಗೆ

ಬಿಸಿನೆಸ್‌ಗೆ ವೆಬ್‌ಸೈಟ್ ಮಾಡಿಸೋಕೆ ಬರೋರಲ್ಲಿ ಮುಕ್ಕಾಲು ಪಾಲು ಜನ ಎಲ್ಲಾ ಕೆಲಸ ಮುಗಿದು ನಾಳೆ ಲೈವ್ ಮಾಡ್ಬೇಕು ಅನ್ನೋವಾಗ ಕೇಳೋದು ಇದೇ: "ಕೆಳಗಡೆ ಪ್ರೈವಸಿ ಪಾಲಿಸಿ, ಟರ್ಮ್ಸ್ ಅಂತೆಲ್ಲಾ ಇರತ್ತಲ್ಲ, ಯಾವುದಾದ್ರೂ ದೊಡ್ಡ ಸೈಟಿಂದ ಎತ್ತಿ ಹಾಕಿಬಿಡಿ, ಸಾಕಲ್ವಾ?"

ಸಾಕಾಗಲ್ಲ. ನಾನು ವಕೀಲ ಅಲ್ಲ, ಸೈಟ್ ಕಟ್ಟೋನು ಅಷ್ಟೇ. ಆದ್ರೂ ಇದನ್ನ ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಪ್ರೈವಸಿ ಪಾಲಿಸಿ ಅನ್ನೋದು ನಿಮ್ಮ ಸೈಟ್ ಏನು ಮಾಡತ್ತೆ ಅಂತ ನೀವೇ ಬರ್ಕೊಡೋ ಹೇಳಿಕೆ, ಅದ್ರಲ್ಲಿ ಬೇರೆಯವರ ಸೈಟ್ ಕಥೆ ಇದ್ರೆ ನಿಮ್ಮ ಹೆಸರಲ್ಲಿ ನೀವೇ ಸುಳ್ಳು ಬರ್ದ ಹಾಗೆ. ಒಬ್ಬ ಕ್ಲೈಂಟ್ ತಾವೇ ಕಾಪಿ ಮಾಡಿ ಹಾಕ್ಕೊಂಡಿದ್ರು. ಓದ್ತಾ ಹೋದ್ರೆ ಮೂರನೇ ಪ್ಯಾರಾದಲ್ಲಿ ಎಲ್ಲಿಂದ ಕಾಪಿ ಹೊಡೆದ್ರೋ ಆ ಕಂಪನಿ ಹೆಸರು ಹಾಗೇ ಇದೆ! ಅದು ಬಿಡಿ, ನಕ್ಕು ಸುಮ್ನಾಗ್ಬೋದು. ಅದರ ಕೆಳಗೆ "ನಿಮ್ಮ ಮಾಹಿತಿಯನ್ನು ನಾವು ಯಾರೊಂದಿಗೂ ಹಂಚಿಕೊಳ್ಳುವುದಿಲ್ಲ" ಅಂತಿತ್ತು, ಅದೇ ಸೈಟಲ್ಲಿ ಅನಲಿಟಿಕ್ಸ್ (ಎಷ್ಟು ಜನ ಬಂದ್ರು, ಏನು ನೋಡಿದ್ರು ಅಂತ ಲೆಕ್ಕ ಇಡೋದು), ಜಾಹೀರಾತಿನ ಪಿಕ್ಸೆಲ್ (ಜಾಹೀರಾತಿಗಾಗಿ ಬಂದವರನ್ನ ಗಮನಿಸೋ ಚಿಕ್ಕ ಕೋಡ್), ಚಾಟ್ ಬಾಕ್ಸ್, ಮ್ಯಾಪ್ ಎಲ್ಲಾ ಕೂತಿದ್ವು, ಒಂದೊಂದೂ ಬಂದವರ ಮಾಹಿತಿಯನ್ನ ಒಂದೊಂದು ಕಂಪನಿಗೆ ಕಳಿಸ್ತಾ.

ಅವರಿಗೆ ತೋರಿಸಿದ್ದನ್ನೇ ನೀವೂ ಮಾಡಿ ನೋಡಿ. ಕಂಪ್ಯೂಟರ್‌ನಲ್ಲಿ ನಿಮ್ಮ ಸೈಟ್ ತೆಗೀರಿ, ಎಫ್12 ಒತ್ತಿ, ನೆಟ್‌ವರ್ಕ್ ಅನ್ನೋ ಟ್ಯಾಬ್‌ಗೆ ಹೋಗಿ ಪೇಜ್ ರಿಫ್ರೆಶ್ ಮಾಡಿ. ಸಾಲುಸಾಲಾಗಿ ಬರೋ ವಿಳಾಸಗಳಲ್ಲಿ ನಿಮ್ಮ ಡೊಮೇನ್ (ಅಂದ್ರೆ ನಿಮ್ಮ ಸೈಟಿನ ವಿಳಾಸದ ಹೆಸರು) ಅಲ್ಲದ್ದನ್ನೆಲ್ಲಾ ಒಂದು ಹಾಳೆಲಿ ಬರ್ಕೊಳ್ಳಿ. ಆ ಪಟ್ಟಿನೇ ನಿಮ್ಮ ಪಾಲಿಸಿಯ ಮೊದಲ ಡ್ರಾಫ್ಟ್.

ಫಾಂಟ್ ಕೂಡ ಆ ಪಟ್ಟಿಲಿ ಬರತ್ತೆ ಅಂದ್ರೆ ಯಾರೂ ನಂಬಲ್ಲ. 2022ರ ಜನವರಿಲಿ ಜರ್ಮನಿಯ ಮ್ಯೂನಿಕ್ ಕೋರ್ಟ್ ಒಂದು ಸೈಟ್‌ನವರಿಗೆ, ಗೂಗಲ್ ಫಾಂಟ್ಸನ್ನ ಗೂಗಲ್ ಸರ್ವರಿಂದಲೇ ಲೋಡ್ ಮಾಡಿ ನೋಡೋಕೆ ಬಂದವನ ಐಪಿ ಅಡ್ರೆಸ್ಸನ್ನ (ಇಂಟರ್ನೆಟ್ಟಲ್ಲಿ ಅವನ ಕನೆಕ್ಷನ್ ಗುರುತಿಸೋ ನಂಬರ್) ಅವನ ಒಪ್ಪಿಗೆ ಇಲ್ದೆ ಅಲ್ಲಿಗೆ ಕಳಿಸಿದ್ದಕ್ಕೆ 100 ಯೂರೋ ಪರಿಹಾರ ಕೊಡಿ ಅಂತು. ದುಡ್ಡು ಚಿಕ್ಕದು, ಆದ್ರೆ ತಪ್ಪಿಸ್ಕೊಳ್ಳೋಕೆ ಬೇಕಾಗಿದ್ದಿದ್ದು ಫಾಂಟ್ ಫೈಲನ್ನ ಡೌನ್‌ಲೋಡ್ ಮಾಡಿ ಸ್ವಂತ ಸರ್ವರಲ್ಲಿ ಇಡೋ ಹತ್ತು ನಿಮಿಷದ ಕೆಲಸ. "ನಾವು ಯುರೋಪಲ್ಲಿ ಇಲ್ವಲ್ಲ" ಅಂತೀರೇನೋ. 2018ರ ಮೇ 25ರಿಂದ ಜಾರಿಲಿರೋ ಜಿಡಿಪಿಆರ್, ಅಂದ್ರೆ ಯುರೋಪಿನ ಡೇಟಾ ರಕ್ಷಣೆ ಕಾನೂನು, ನೀವು ಎಲ್ಲಿದೀರಿ ಅಂತಷ್ಟೇ ನೋಡಲ್ಲ, ಅಲ್ಲಿನ ಜನಕ್ಕೆ ಮಾರ್ತಿದೀರಾ, ಅವರ ಓಡಾಟ ಟ್ರ್ಯಾಕ್ ಮಾಡ್ತಿದೀರಾ ಅಂತಾನೂ ನೋಡತ್ತೆ, ದಂಡದ ಮೇಲ್ಮಿತಿ 2 ಕೋಟಿ ಯೂರೋ ಅಥವಾ ಪ್ರಪಂಚದಾದ್ಯಂತದ ವಾರ್ಷಿಕ ವಹಿವಾಟಿನ 4%, ಯಾವುದು ಜಾಸ್ತಿನೋ ಅದು. ಕುಕೀಗೆ (ಬಂದವರ ಗುರುತಿಗೆ ಬ್ರೌಸರಲ್ಲಿ ಇಡೋ ಚಿಕ್ಕ ಫೈಲ್) ಒಪ್ಪಿಗೆ ಕೇಳೋ ಬಾಕ್ಸಲ್ಲಿ ಮೊದ್ಲೇ ಟಿಕ್ ಹಾಕಿಡೋ ಚಾಳಿನೂ ಬಿಡಿ, ಅದು ಒಪ್ಪಿಗೆ ಅಲ್ಲ ಅಂತ 2019ರಲ್ಲೇ ಯುರೋಪಿನ ನ್ಯಾಯಾಲಯ ಹೇಳಿಯಾಗಿದೆ.

ಟರ್ಮ್ಸ್, ಅಂದ್ರೆ ಸೈಟ್ ಬಳಸೋ ಷರತ್ತುಗಳ ವಿಷ್ಯಕ್ಕೆ ಬಂದ್ರೆ, ಇದ್ರೆ ಸಾಲದು, ಜನ ನೋಡಿ ಒಪ್ಕೊಂಡಿರ್ಬೇಕು. ಅಮೆರಿಕದಲ್ಲಿ ಚಪ್ಪಲಿ ಮಾರೋ ದೊಡ್ಡ ಸೈಟ್ ಜ್ಯಾಪೋಸ್‌ನಿಂದ ಗ್ರಾಹಕರ ಡೇಟಾ ಸೋರಿಹೋಗಿ ಕೇಸ್ ಆದಾಗ, ನಮ್ಮ ಟರ್ಮ್ಸ್ ಪ್ರಕಾರ ಕೋರ್ಟ್ ಬಿಟ್ಟು ಮಧ್ಯಸ್ಥಿಕೆಗೆ ಬರ್ಬೇಕು ಅಂತ ಕಂಪನಿ ವಾದ ಮಾಡ್ತು, 2012ರಲ್ಲಿ ಕೋರ್ಟ್ ಒಪ್ಲಿಲ್ಲ. ಲಿಂಕ್ ಎಲ್ಲೋ ಮೂಲೆಲಿ ಬೇರೆ ಲಿಂಕ್‌ಗಳ ಮಧ್ಯೆ ಹೂತುಹೋಗಿತ್ತು, ಜೊತೆಗೆ ಯಾವಾಗ ಬೇಕಾದ್ರೂ ಬದಲಾಯಿಸ್ತೀವಿ ಅಂತ ಕಂಪನಿನೇ ಬರ್ಕೊಂಡಿತ್ತು. ಹಾಗಾಗಿ ಆರ್ಡರ್ ಬಟನ್ ಪಕ್ಕದಲ್ಲೇ ಖಾಲಿ ಟಿಕ್ ಬಾಕ್ಸ್ ಇಡಿ, ಯಾವ ತಾರೀಖಿಗೆ ಯಾವ ವರ್ಷನ್ ಒಪ್ಕೊಂಡ್ರು ಅಂತ ಡೇಟಾಬೇಸಲ್ಲಿ ಸೇವ್ ಮಾಡಿ.

ಫೋಟೋ ಬಗ್ಗೆ ಜಾಸ್ತಿ ಹೇಳಲ್ಲ. ಗೂಗಲ್‌ನಲ್ಲಿ ಸಿಕ್ತು ಅಂದ ಮಾತ್ರಕ್ಕೆ ಫ್ರೀ ಅಲ್ಲ, ಕಾಪಿರೈಟ್ ಚಿಹ್ನೆ ಇಲ್ದೇ ಇದ್ರೂ ಅಲ್ಲ, ಕಾಪಿರೈಟ್ ಬಗ್ಗೆ ಇರೋ 1886ರ ಬರ್ನ್ ಒಪ್ಪಂದಕ್ಕೆ ಸೇರಿರೋ ದೇಶಗಳಲ್ಲಿ ಹಕ್ಕು ರಿಜಿಸ್ಟರ್ ಮಾಡ್ದೇನೇ ಬರತ್ತೆ. ಕ್ರಿಯೇಟಿವ್ ಕಾಮನ್ಸ್ (ಷರತ್ತಿನ ಮೇಲೆ ಪುಕ್ಕಟೆ ಬಳಸೋಕೆ ಬಿಡೋ ಲೈಸೆನ್ಸ್) ಅಂತ ಇದ್ರೂ "ನಾನ್ ಕಮರ್ಷಿಯಲ್" ಅಂತಿದ್ರೆ ಬಿಸಿನೆಸ್ ಸೈಟಿಗೆ ಹಾಕ್ಬೇಡಿ. ದುಡ್ಡು ಕೊಟ್ಟು ತಗೊಂಡಿದ್ರೆ ಲೈಸೆನ್ಸ್ ಡಿಸೈನರ್ ಹೆಸರಲ್ಲಿದೆಯಾ ನಿಮ್ಮ ಹೆಸರಲ್ಲಿದೆಯಾ ನೋಡಿ, ರಸೀದಿ ಒಂದು ಫೋಲ್ಡರಲ್ಲಿ ಹಾಕಿಡಿ.

ನಿಜ ಹೇಳ್ಬೇಕಂದ್ರೆ ಇದೆಲ್ಲಕ್ಕಿಂತ ನನಗೆ ಭಯ ಆಗೋದು ಮಾಲೀಕತ್ವದ ವಿಷ್ಯದಲ್ಲಿ, ಅದನ್ನ ಮಾತ್ರ ಒಬ್ರೂ ಕೇಳಲ್ಲ. ಬಹಳಷ್ಟು ದೇಶಗಳಲ್ಲಿ ಫ್ರೀಲಾನ್ಸರ್ ಬರೆದ ಕೋಡ್, ಮಾಡಿದ ಡಿಸೈನ್ ನೀವು ಪೂರ್ತಿ ದುಡ್ಡು ಕೊಟ್ರೂ ತಾನಾಗೇ ನಿಮ್ದಾಗಲ್ಲ, ಹಕ್ಕು ವರ್ಗಾಯಿಸಿದೀನಿ ಅಂತ ಬರವಣಿಗೆಲಿ ಇರ್ಬೇಕು (ನನ್ನ ಹೊಟ್ಟೆ ಮೇಲೆ ನಾನೇ ಕಲ್ಲು ಹಾಕ್ಕೋತಿದೀನಿ ಇದನ್ನ ಹೇಳಿ). ಡೊಮೇನ್ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆಯೋ ಕೀಲಿಕೈ ಅವರ ಕೈಲಿ. ಹಾಗೇ, ಬೇರೆಯವರ ಟ್ರೇಡ್‌ಮಾರ್ಕ್ ಹೋಲೋ ಹೆಸರು ತಗೊಂಡು ಅದರ ಹೆಸರಲ್ಲಿ ಲಾಭ ಮಾಡೋಕೆ ಹೊರಟ್ರೆ 1999ರಿಂದ, ಪ್ರಪಂಚದ ಡೊಮೇನ್ ಹೆಸರುಗಳನ್ನ ನೋಡ್ಕೊಳ್ಳೋ ಸಂಸ್ಥೆ ಐಕ್ಯಾನ್‌ನ ಯುಡಿಆರ್‌ಪಿ ಅನ್ನೋ ಡೊಮೇನ್ ಜಗಳ ಬಗೆಹರಿಸೋ ವ್ಯವಸ್ಥೆ ಇದೆ, ಕೋರ್ಟ್ ಮೆಟ್ಟಿಲು ಹತ್ತದೇನೇ ಡೊಮೇನ್ ಕಿತ್ಕೊಳ್ಬೋದು. ಹೆಸರು ಬುಕ್ ಮಾಡೋ ಮುಂಚೆ ಟ್ರೇಡ್‌ಮಾರ್ಕ್ ಸರ್ಚ್ ಮಾಡಿ, ಲೋಗೋ ಪ್ರಿಂಟ್ ಆದ್ಮೇಲೆ ಅಲ್ಲ.

ವೈದ್ಯಕೀಯ ಮಾಹಿತಿ, ಮಕ್ಕಳ ಮಾಹಿತಿ, ಸಾಲ ಅಥವಾ ಹೂಡಿಕೆ, ಇಂಥದ್ದೇನಾದ್ರೂ ಇದ್ರೆ ನನ್ನ ಮಾತು ಬಿಟ್ಟು ಮೊದ್ಲು ವಕೀಲರ ಹತ್ರ ಹೋಗಿ.

ಆ ಕ್ಲೈಂಟ್ ಹಾಳೆಲಿ ಹನ್ನೊಂದು ವಿಳಾಸ ಬಂದ್ವು. ಒಂದೊಂದನ್ನೂ ತೋರಿಸಿ ಇದು ಯಾಕೆ ಬೇಕು ಅಂತ ಕೇಳ್ದೆ, ಏಳಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ, ತೆಗೆದ್ವಿ. ಫಾರ್ಮಲ್ಲಿ ಹುಟ್ಟಿದ ದಿನಾಂಕ ಯಾಕೆ ಅಂದಿದ್ದಕ್ಕೆ "ಇರ್ಲಿ ಅಂತ ಹಾಕಿದ್ದೆ" ಅಂದ್ರು, ಅದನ್ನೂ ತೆಗೆದ್ವಿ. ಉಳಿದಿದ್ದನ್ನ ಬರ್ದು ವಕೀಲರಿಗೆ ತೋರಿಸಿದ್ರೆ ಪಾಲಿಸಿ ಒಂದೂವರೆ ಪುಟಕ್ಕೆ ಮುಗೀತು. ಡೊಮೇನ್ ಮಾತ್ರ ಇನ್ನೂ ಅವರ ಭಾವಮೈದುನನ ಹೆಸರಲ್ಲೇ ಇದೆ, ಎರಡು ಸಲ ನೆನಪಿಸಿದೀನಿ.